ನಡುವಿಗೆ ಬಾರದ ಚುಕ್ಕೆ

ದೇವದುರ್ಗ
18 ನವೆಂಬರ್ 2025, ಮಂಗಳವಾರ

ಬುರ್ಹಾನುದ್ದೀನ್ ಸಾಹೇಬರಿಗೆ ದಾನೇಶ್ವರಿಯ ನಮಸ್ಕಾರಗಳು.

ನಾನು ದೇವದುರ್ಗದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ದಸರಾ ರಜೆಯಲ್ಲಿ ರಾಯಚೂರಿನ ತೀನ್ ಕಂದೀಲ್ ಹತ್ತಿರದ ನಿಮ್ಮ ಅಂಗಡಿಗೆ ಒಂದು ದುರ್ಬೀನು ಮತ್ತು ಅದನ್ನು ಹೊತ್ತು ತಿರುಗಿಸುವ ಮೋಟಾರಿನ ಮೌಂಟು ತಂದು ಕೊಟ್ಟಿದ್ದೆ. ಮಾನ್ವಿಯ ನಿವೃತ್ತ ಉಪನ್ಯಾಸಕರಾದ ಮೌನಪ್ಪ ಸರ್ ನಮ್ಮ ಶಾಲೆಗೆ ಕೊಟ್ಟ ಹಳೆಯ ದುರ್ಬೀನು ಅದು. ನೀವು ಮೌಂಟನ್ನು ಬಿಚ್ಚಿ, ಒಣಗಿದ ಗ್ರೀಸು ತೆಗೆದು, ಗೇರು ಹೊಂದಿಸಿ ಕೊಟ್ಟಿರಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಏನಿದ್ದರೂ ಬರೆದು ಕಳಿಸಬೇಕು ಎಂದು ಅಂದೇ ಹೇಳಿದ್ದಿರಿ. ಅದಕ್ಕೇ ಈ ಪತ್ರ.

ತೊಂದರೆ ಏನೆಂದು ಹೇಳುವುದೇ ಕಷ್ಟವಾಗಿದೆ. ನೋಡಬೇಕಾದ ನಕ್ಷತ್ರದ ಸ್ಥಾನವನ್ನು ಲ್ಯಾಪ್‌ಟಾಪಿನಲ್ಲಿ ಅಂಕಿಗಳಲ್ಲಿ ಕೊಡುತ್ತೇನೆ. ಮೌಂಟು ತಿರುಗಿ ನಿಲ್ಲುತ್ತದೆ. ಸಾಫ್ಟ್‌ವೇರು ಕ್ಯಾಮೆರಾದಿಂದ ಒಂದು ಫೋಟೋ ತೆಗೆದು, ಅದರಲ್ಲಿರುವ ಚುಕ್ಕೆಗಳನ್ನು ತನ್ನ ನಕಾಶೆಯೊಂದಿಗೆ ಹೋಲಿಸಿ, ದುರ್ಬೀನು ನಿಜವಾಗಿ ಎತ್ತ ನೋಡುತ್ತಿದೆ ಎಂದು ಲೆಕ್ಕ ಹಾಕುತ್ತದೆ. ತಪ್ಪಿದ್ದರೆ ಮತ್ತೊಮ್ಮೆ ತಿರುಗಿಸುತ್ತದೆ. ಎರಡು ಮೂರು ಸಲ ಹೀಗೆ ಮಾಡಿ ಕೊನೆಗೆ ‘ನಡುವಿಗೆ ಬಂದಿದೆ’ ಎಂದು ಹಸಿರು ಅಕ್ಷರದಲ್ಲಿ ತೋರಿಸುತ್ತದೆ. ಆದರೆ ಪರದೆಯಲ್ಲಿ ನನ್ನ ನಕ್ಷತ್ರವೇ ಇರುವುದಿಲ್ಲ. ನಡುವಿನಲ್ಲಿ ಮಾತ್ರವಲ್ಲ, ಯಾವ ಮೂಲೆಯಲ್ಲೂ ಇಲ್ಲ. ಮೌನಪ್ಪ ಸರ್ ಅಭ್ಯಾಸಕ್ಕೆಂದು ಆರು ನಕ್ಷತ್ರಗಳ ಸ್ಥಾನ ಬರೆದುಕೊಟ್ಟ ಹಾಳೆ ಇದೆ. ಆರಕ್ಕೆ ಆರೂ ಹೀಗೆಯೇ.

ಅವಸರಕ್ಕೆ ಕಾರಣವಿದೆ. ಫೆಬ್ರವರಿ 9ರ ರಾತ್ರಿ 8 ಗಂಟೆ 47 ನಿಮಿಷಕ್ಕೆ, ಸೂರ್ಯನ ಸುತ್ತ ಅಲೆಯುವ ಒಂದು ದೊಡ್ಡ ಕಲ್ಲು ಮಿಥುನ ರಾಶಿಯ ಮಂದ ನಕ್ಷತ್ರವೊಂದರ ಮುಂದೆ ಹಾದುಹೋಗುತ್ತದೆ. ಆ ಕಲ್ಲಿನ ನೆರಳಿನ ಪಟ್ಟಿ ಮಾನ್ವಿಯ ಮೇಲೂ ದೇವದುರ್ಗದ ಮೇಲೂ ಬೀಳುತ್ತದಂತೆ. ನಕ್ಷತ್ರ ನಾಲ್ಕು ಸೆಕೆಂಡು ಮಾಯವಾಗಿ ಮತ್ತೆ ಬರುತ್ತದೆ. ಎರಡೂ ಊರಿನಿಂದ ಎಷ್ಟು ಹೊತ್ತು ಮಾಯವಾಯಿತು ಎಂದು ಅಳೆದರೆ ಕಲ್ಲಿನ ಗಾತ್ರ ತಿಳಿಯುತ್ತದೆ. ಮಾನ್ವಿಯಲ್ಲಿ ಮೌನಪ್ಪ ಸರ್, ಇಲ್ಲಿ ನಾನು. ಈ ಭಾಗದಲ್ಲಿ ಮೂರನೆಯವರಿಲ್ಲ.

ಮೊದಲ ದಿನ ಜೋಡಿಸಿದಾಗಿನಿಂದಲೂ ಮೌಂಟು ಹೀಗೆಯೇ ಇದೆ. ದಯವಿಟ್ಟು ದಾರಿ ತೋರಿಸಿ.

ದಾನೇಶ್ವರಿ


ರಾಯಚೂರು
24 ನವೆಂಬರ್ 2025

ಟೀಚರಮ್ಮನವರಿಗೆ ಬುರ್ಹಾನುದ್ದೀನನ ಸಲಾಂ.

ಪತ್ರ ಬಂತು. ಸಾಫ್ಟ್‌ವೇರು ನನಗೆ ಗೊತ್ತಿಲ್ಲ. ಹಲ್ಲು, ತಿರುಪು, ಬೇರಿಂಗ್ ಗೊತ್ತು. ಫೋಟೋ ತೆಗೆಯುವಾಗ ಸರಿ ಇದ್ದು ಆಮೇಲೆ ತಪ್ಪುತ್ತದೆ ಎಂದರೆ ಯಾವುದೋ ಜಾರುತ್ತಿದೆ. ದುರ್ಬೀನಿನ ಕೊಳವೆಯನ್ನು ಹಿಡಿದಿರುವ ಎರಡು ತಿರುಪುಗಳನ್ನು ಬಿಗಿ ಮಾಡಿ. ಆಮೇಲೆ ಒಂದೇ ನಕ್ಷತ್ರಕ್ಕೆ ಒಮ್ಮೆ ಪೂರ್ವದ ಕಡೆಯಿಂದ, ಒಮ್ಮೆ ಪಶ್ಚಿಮದ ಕಡೆಯಿಂದ ತಿರುಗಿಸಿ ತನ್ನಿ. ಗೇರು ಸಡಿಲಿದ್ದರೆ ಎರಡು ಸಲಕ್ಕೂ ವ್ಯತ್ಯಾಸ ಬರುತ್ತದೆ.

ದಾರಿಯಲ್ಲಿ ಎಲ್ಲಾದರೂ ಪೆಟ್ಟು ಬಿದ್ದಿದೆಯೇ? ಇದಕ್ಕೆ ಸರಿಯಾದ ಜವಾಬು ಬೇಕು.

ಬುರ್ಹಾನುದ್ದೀನ್


ದೇವದುರ್ಗ
3 ಡಿಸೆಂಬರ್ 2025

ಸಾಹೇಬರೇ,

ನೀವು ಹೇಳಿದ್ದೆಲ್ಲವನ್ನೂ ಮಾಡಿದೆ. ತಿರುಪುಗಳು ಮೊದಲೇ ಬಿಗಿಯಾಗಿದ್ದವು, ಇನ್ನಷ್ಟು ಬಿಗಿ ಮಾಡಿದೆ. ಪೂರ್ವದಿಂದ ತಂದರೂ ಪಶ್ಚಿಮದಿಂದ ತಂದರೂ ದುರ್ಬೀನು ನಿಲ್ಲುವುದು ಒಂದೇ ಜಾಗದಲ್ಲಿ. ಅಲ್ಲಿ ನಕ್ಷತ್ರ ಇಲ್ಲ. ಹಸಿರು ಅಕ್ಷರ ಮಾತ್ರ ಬರುತ್ತದೆ. ನಾಲ್ಕು ಸಂಜೆ ಇದೇ ಆಯಿತು. ಪರದೆಯಲ್ಲಿ ಕಾಣುವ ಚುಕ್ಕೆಗಳನ್ನು ಹಾಳೆಯ ಮೇಲೆ ಬರೆದು, ಹಾಳೆಯನ್ನು ತಲೆಕೆಳಗು ಮಾಡಿಯೂ ನಕಾಶೆಗೆ ಹೋಲಿಸಿದೆ. ಯಾವುದಕ್ಕೂ ತಾಳೆಯಾಗಲಿಲ್ಲ.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯ ಗದ್ದೆಮ್ಮ ಸಂಜೆ ಮಹಡಿಗೆ ಸಾಮಾನು ಸಾಗಿಸಲು ಜೊತೆಗಿರುತ್ತಾಳೆ. ನಿನ್ನೆ ಅವಳು, “ಟೀಚರ್ರ, ಅದು ಸರಿ ಅದ ಅಂತ ಹೇಳಾಕತ್ತದ, ನೀವು ತಪ್ಪು ಅದ ಅಂತ ಹೇಳಾಕತ್ತೀರಿ. ಇಬ್ಬರಾಗ ಯಾರ್ದು ಖರೇ?” ಎಂದು ಕೇಳಿದಳು.

ಪೆಟ್ಟಿನ ಬಗ್ಗೆ ಕೇಳಿದ್ದಿರಿ. ರಾಯಚೂರಿನಿಂದ ಬಸ್ಸಿನಲ್ಲಿ ಮೌಂಟಿನ ಡಬ್ಬಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ತಂದಿದ್ದೇನೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನಿಮ್ಮ ಪತ್ರದಲ್ಲಿ ಒಂದು ಪುಟಕ್ಕೆ ಆರೇ ಸಾಲು. ಅಕ್ಷರ ಕಲಿಯುವ ಮಗುವಿಗೆ ಬರೆದಂತೆ ದೊಡ್ಡದಾಗಿ ಬರೆದಿದ್ದೀರಿ. ಸಣ್ಣದಾಗಿ ಬರೆದರೂ ನನಗೆ ತಿಳಿಯುತ್ತದೆ.

ದಾನೇಶ್ವರಿ


ರಾಯಚೂರು
9 ಡಿಸೆಂಬರ್ 2025

ಟೀಚರಮ್ಮನವರಿಗೆ,

ದಾರಿಯಲ್ಲಿ ಪೆಟ್ಟು ಬಿದ್ದಿಲ್ಲ. ಮೊದಲ ದಿನದಿಂದಲೂ ಹೀಗೆಯೇ ಇದೆ. ಇವೆರಡೂ ನಿಜವಾದರೆ ತಪ್ಪು ಆಗಿರುವುದು ನನ್ನ ಅಂಗಡಿಯಲ್ಲಿ. ಬೇರೆ ಯಾರಿಗಾದರೂ ತೋರಿಸಿ. ಹೈದರಾಬಾದಿನಲ್ಲಿ ಮಾಡುವವರಿದ್ದಾರೆ.

ಮಾಫ್ ಮಾಡಿ.

ಬುರ್ಹಾನುದ್ದೀನ್


ದೇವದುರ್ಗ
26 ಡಿಸೆಂಬರ್ 2025

ಸಾಹೇಬರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದ ಮರುದಿನವೇ ಉತ್ತರ ಹಾಕಿದ್ದೆ. ತಲುಪಿತೋ ಇಲ್ಲವೋ ತಿಳಿಯದು. ಅಕ್ಷರದ ಬಗ್ಗೆ ಬರೆದದ್ದಕ್ಕೆ ನೀವು ಸಿಟ್ಟಾಗಿದ್ದೀರಿ ಎಂದುಕೊಂಡಿದ್ದೇನೆ. ಹಾಗಿದ್ದರೆ ಕ್ಷಮಿಸಿ. ನಿಮ್ಮ ಕೆಲಸ ಸರಿ ಇಲ್ಲ ಎಂದು ನಾನು ಎಲ್ಲಿಯೂ ಬರೆದಿಲ್ಲವಲ್ಲ?

ಹೈದರಾಬಾದಿಗೆ ಒಯ್ಯಲು ಆಗುವುದಿಲ್ಲ. ಶಾಲೆಯ ಸಾಮಾನು ಊರು ಬಿಡಬೇಕಾದರೆ ಮುಖ್ಯೋಪಾಧ್ಯಾಯರು ಬರೆದುಕೊಡಬೇಕು. ನಮ್ಮ ಕನಕರಾಜ ಸರ್ ಬರೆಯುವ ಮುನ್ನ ಕೇಳುವವರು. ಮೊನ್ನೆಯೇ ಕೇಳಿದರು: “ಏನ್ ಟೀಚರ್, ಯಂತ್ರ ಕೆಟ್ಟದ ಏನು? ಕೆಟ್ಟಿದ್ರ ಯಾರ ಕೈಯಾಗ ಕೆಟ್ಟಿತು ಅನ್ನೂದು ರಿಜಿಸ್ಟರಿನಾಗ ಬರೀಬೇಕಾಗ್ತದ.” ನಾನು ಕೆಟ್ಟಿಲ್ಲ ಎಂದೆ. ಅದು ಸುಳ್ಳೋ ನಿಜವೋ ನನಗೇ ಗೊತ್ತಿಲ್ಲ.

ಮೌನಪ್ಪ ಸರ್‌ಗೂ ಇನ್ನೂ ಏನೂ ಹೇಳಿಲ್ಲ. ‘ಹೆಂಗ ನಡದದ ಅಭ್ಯಾಸ?’ ಎಂದು ಫೋನು ಮಾಡಿದ್ದರು. ಚೆನ್ನಾಗಿದೆ ಎಂದುಬಿಟ್ಟೆ.

ಒಂದೇ ಸಾಲಾದರೂ ಬರೆಯಿರಿ.

ದಾನೇಶ್ವರಿ


ರಾಯಚೂರು
7 ಜನವರಿ 2026, ಬುಧವಾರ

ಚಾಚಾ ಅವರಿಗೆ,

ಶಿಕ್ಷಕರ ತರಬೇತಿಗೆಂದು ಇಲ್ಲಿಗೆ ಬಂದಿದ್ದೆ. ಮಧ್ಯಾಹ್ನ ನಿಮ್ಮ ಅಂಗಡಿಗೆ ಬಂದರೆ ಬಾಗಿಲು ಹಾಕಿತ್ತು. ಪಕ್ಕದ ಸೈಕಲ್ ಅಂಗಡಿಯ ಸಲಾವುದ್ದೀನ್ ಹೇಳಿದರು: “ಚಾಚಾ ದುಕಾನ್ ಬಂದ್ ಮಾಡಿ ಒಂದು ತಿಂಗ್ಳಾತ್ರಿ. ನನ್ನ ಕೈ ಕೆಟ್ಟಾವು, ಇನ್ನ ಯಾರ ಸಾಮಾನೂ ಮುಟ್ಟಲ್ಲ ಅಂತ ಹತ್ಯಾರ ಎಲ್ಲಾ ಗಂಟು ಕಟ್ಟಿ ಮನಿಗೆ ಒಯ್ದಾರ. ದೇವದುರ್ಗದ ಯಾವುದೋ ಮಷೀನು ಹಾಳಾತು ಅಂತಾರ.”

ಎದುರಿನ ಚಹಾದಂಗಡಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಗೆ ಮುಟ್ಟಿಸುವುದಾಗಿ ಸಲಾವುದ್ದೀನ್ ಒಪ್ಪಿದ್ದಾರೆ. ಮನೆಗೇ ಬಂದು ಹೇಳಬೇಕಿತ್ತು, ಧೈರ್ಯವಾಗಲಿಲ್ಲ.

ಮೌಂಟು ಬಿದ್ದಿದೆ ಚಾಚಾ. ನವೆಂಬರ್ 2ರ ಸಂಜೆ, ಮೊದಲ ಸಲ ಮಹಡಿಗೆ ಒಯ್ಯುವಾಗ. ಮೆಟ್ಟಿಲ ಮೇಲೆ ಕತ್ತಲಿತ್ತು. ಗದ್ದೆಮ್ಮನ ಕಾಲು ಸೀರೆಯ ಅಂಚಿಗೆ ತೊಡರಿತು. ಡಬ್ಬಿ ಮೂರು ಮೆಟ್ಟಿಲು ಉರುಳಿ ಗೋಡೆಗೆ ಬಡಿಯಿತು. ಅವಳು ಎದ್ದವಳೇ ತನ್ನ ಮೊಣಕಾಲಿನ ರಕ್ತವನ್ನೂ ನೋಡದೆ, “ಯವ್ವಾ, ನನ್ನ ಅಡಗಿ ಕೆಲ್ಸ ಹೋತಲ್ರಿ!” ಎಂದು ಅಲ್ಲೇ ಕುಸಿದಳು. ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ. ನಮ್ಮವ್ವನೂ ಇನ್ನೊಬ್ಬರ ಒಲೆಯ ಮುಂದೆ ನಿಂತು ನನ್ನನ್ನು ಓದಿಸಿದವಳು. ಆ ಕೆಲಸ ಹೋಗುವುದು ಎಂದರೆ ಏನೆಂದು ನನಗೆ ಗೊತ್ತಿದೆ.

ಬೀಳುವ ಮೊದಲು ನಾನು ಒಂದು ನಕ್ಷತ್ರವನ್ನೂ ನೋಡಿರಲಿಲ್ಲ. ಆದರೂ ‘ಮೊದಲ ದಿನದಿಂದಲೂ ಹೀಗೆಯೇ’ ಎಂದು ಬರೆದೆ. ನೀವು ಪೆಟ್ಟಿನ ಬಗ್ಗೆ ಕೇಳಿದಾಗ ಬಸ್ಸಿನ ಕಥೆ ಹೇಳಿದೆ. ಆ ಮಾತು ನಿಮ್ಮ ಮೇಲೆ ಹೋಗಿ ಬೀಳುತ್ತದೆ ಎಂದು ಹೊಳೆಯಲೇ ಇಲ್ಲ. ನಿಮ್ಮ ಕೈ ಕೆಟ್ಟಿಲ್ಲ. ಅಂಗಡಿ ತೆರೆಯಿರಿ.

ದಾನೇಶ್ವರಿ


ರಾಯಚೂರು, ಅಂದ್ರೂನ್ ಕಿಲ್ಲಾ
11 ಜನವರಿ 2026

ಬೇಟಿ ದಾನೇಶ್ವರಿಗೆ,

ನಿನ್ನ ಪತ್ರವನ್ನು ನನ್ನ ಹೆಂಡತಿ ಅಕ್ಬರಿ ಬೇಗಂ ನನ್ನ ಎಡಗಿವಿಗೆ ಬಾಯಿಟ್ಟು ಕೂಗಿ ಓದಿದಳು. ಆ ಕಿವಿಯಲ್ಲಿ ಇನ್ನೂ ಸ್ವಲ್ಪ ಕೇಳಿಸುತ್ತದೆ. ನಿನ್ನ ಗದ್ದೆಮ್ಮ ಬಿದ್ದದ್ದು ಈಗ ಓಣಿಗೆಲ್ಲ ಗೊತ್ತಾಗಿದೆ, ಆದರೆ ನಿಮ್ಮ ಸರ್ ಈ ಓಣಿಯಲ್ಲಿ ಇಲ್ಲ.

ನಾನೇ ಓದಲಿಲ್ಲವೇಕೆ ಎಂದು ನೀನು ಕೇಳಬಹುದು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಂದು ವರ್ಷವಾಯಿತು. ಯಾರಿಗೂ ಹೇಳಿರಲಿಲ್ಲ, ಅಕ್ಬರಿಗೂ. ನಿನ್ನ ಮೊದಲ ಪತ್ರಗಳನ್ನು ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಹೇಗೋ ಓದಿದ್ದೆ, ಈಗ ಅದೂ ಆಗುತ್ತಿಲ್ಲ. ದೊಡ್ಡದಾಗಿ ಬರೆದರೆ ಮಾತ್ರ ನಾನು ಬರೆದದ್ದು ನನಗೆ ಕಾಣುತ್ತದೆ. ನಿನಗೆ ಪಾಠ ಹೇಳಲು ಹಾಗೆ ಬರೆಯಲಿಲ್ಲ.

ನಿನ್ನ ಮೌಂಟಿನ ದೊಡ್ಡ ಗೇರನ್ನು ಕೂರಿಸುವಾಗ ಕೊನೆಯ ಸಣ್ಣ ತಿರುಪಿನ ಗುರುತು ನನಗೆ ಕಾಣಲಿಲ್ಲ. ಬೆರಳಿನಿಂದ ಮುಟ್ಟಿ ನೋಡಿ, ಅಂದಾಜಿನ ಮೇಲೆ ಬಿಗಿ ಮಾಡಿದೆ. ಮೂವತ್ತೆಂಟು ವರ್ಷ ಕಾಲುವೆ ಸರ್ವೆಯವರ, ಕಾಲೇಜುಗಳ ಯಂತ್ರ ರಿಪೇರಿ ಮಾಡಿದವನು ಅಂದಾಜಿನ ಮೇಲೆ ಬಿಟ್ಟದ್ದು ಅದೊಂದೇ. ಆದ್ದರಿಂದ ನೀನು ‘ಮೊದಲ ದಿನದಿಂದಲೂ’ ಎಂದಾಗ ಮರುಮಾತಿಲ್ಲದೆ ನಂಬಿದೆ. ನೀನು ಒಂದು ಮುಚ್ಚಿಟ್ಟೆ, ನಾನು ಒಂದು ಮುಚ್ಚಿಟ್ಟೆ.

ಈಗ ಕೇಳು. ನಿನ್ನ ಪತ್ರ ಕೇಳಿದ ಮೇಲೆ, ಪೆಟ್ಟಿನಿಂದ ಆಯಿತೋ ನನ್ನ ತಿರುಪಿನಿಂದ ಆಯಿತೋ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ನಿನ್ನೆ ಹಳೆಯ ಪತ್ರಗಳನ್ನೂ ಓದಿಸಿದೆ. ನಡುವೆ ಅಕ್ಬರಿ ಓದುವುದನ್ನು ನಿಲ್ಲಿಸಿ ಅಂದಳು: “ಈ ಹುಡುಗಿ ಪೂರ್ವದಿಂದ ತಂದರೂ ಪಶ್ಚಿಮದಿಂದ ತಂದರೂ ಅದs ಜಾಗ ಅಂತ ಬರದಾಳ. ನಮ್ಮ ಮನಿ ಬಾಗಿಲಾ ಸಡ್ಲ ಅದ, ಅದು ದಿನಾ ಒಂದs ಕಡಿ ನಿಲ್ತದೇನು?”

ಹೌದಲ್ಲ! ಸಡಿಲಾದದ್ದು ಒಮ್ಮೆ ಇತ್ತ, ಒಮ್ಮೆ ಅತ್ತ ತಪ್ಪಬೇಕು. ನಿನ್ನದು ನಾಲ್ಕು ಸಂಜೆಯೂ ಒಂದೇ ಜಾಗಕ್ಕೆ ಹೋಗಿ ನಿಂತಿದೆ. ಡಿಸೆಂಬರಿನಲ್ಲೇ ನನಗೆ ಹೊಳೆಯಬೇಕಿತ್ತು. ನನ್ನ ತಪ್ಪನ್ನೇ ಹುಡುಕುತ್ತಿದ್ದವನಿಗೆ ಬೇರೇನೂ ಕಾಣಲಿಲ್ಲ.

ಇಷ್ಟು ಮಾಡು. ಹಸಿರು ಅಕ್ಷರ ಬಂದ ಮೇಲೆ ಗುಂಡಿ ಒತ್ತಿ ದುರ್ಬೀನನ್ನು ಸ್ವಲ್ಪ ಸ್ವಲ್ಪವೇ ಸುತ್ತಲೂ ಸರಿಸು. ನಕ್ಷತ್ರ ಯಾವ ಕಡೆ, ಎಷ್ಟು ದೂರದಲ್ಲಿ ಸಿಗುತ್ತದೆ ಬರೆದುಕೋ. ಮೂರು ನಕ್ಷತ್ರಕ್ಕೆ ಮಾಡು. ಆ ಲೆಕ್ಕ ಹಿಡಿದು ಮಾನ್ವಿಗೆ ಹೋಗು. ಮೌನಪ್ಪನವರಿಗೆ ಬಿದ್ದ ಸಂಗತಿಯನ್ನೂ ಹೇಳು. ಮುಚ್ಚಿಟ್ಟುಕೊಂಡು ರಿಪೇರಿ ಮಾಡಲು ಆಗುವುದಿಲ್ಲ.

ನಿನ್ನ ಚಾಚಾ
ಬುರ್ಹಾನುದ್ದೀನ್


ದೇವದುರ್ಗ
19 ಜನವರಿ 2026, ಸೋಮವಾರ

ಚಾಚಾ, ಚಾಚಿ ಇಬ್ಬರಿಗೂ ನಮಸ್ಕಾರ.

ನಕ್ಷತ್ರ ಸಿಕ್ಕಿತು! ಆದರೆ ಹೇಗೆ ಸಿಕ್ಕಿತು ಎಂಬುದು ಇನ್ನೂ ನನ್ನ ತಲೆಯಲ್ಲಿ ಸರಿಯಾಗಿ ಕೂತಿಲ್ಲ.

ನೀವು ಹೇಳಿದಂತೆ ಮೂರು ನಕ್ಷತ್ರಗಳನ್ನು ಹುಡುಕಿದೆ. ಮೂರೂ ಪೂರ್ವದ ಕಡೆಗೇ ಸಿಕ್ಕವು. ಮೂರೂ ಹೆಚ್ಚುಕಡಿಮೆ ಅಷ್ಟೇ ದೂರ, ಹುಣ್ಣಿಮೆ ಚಂದ್ರನ ಅಗಲದ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ. ಅದನ್ನು ಕಂಡು ನನಗೆ ಸಮಾಧಾನಕ್ಕಿಂತ ಹೆದರಿಕೆ ಹೆಚ್ಚಾಯಿತು. ಮೆಟ್ಟಿಲ ಮೇಲಿಂದ ಬಿದ್ದ ಯಂತ್ರ ಇಷ್ಟು ಅಚ್ಚುಕಟ್ಟಾಗಿ ಹೇಗೆ ತಪ್ಪುತ್ತದೆ?

ನಿನ್ನೆ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋದೆ. ಮೌನಪ್ಪ ಸರ್ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದರು. ಬಿದ್ದ ಸಂಗತಿಯನ್ನೇ ಮೊದಲು ಹೇಳಿದೆ. ಅವರು ಜೋರಾಗಿ ನಕ್ಕರು. “ಅಷ್ಟಕ್ಕs ಎರಡು ತಿಂಗಳ ನನ್ನ ಮುಂದ ಸುಳ್ಳು ಹೇಳಿದಿ ಏನು? ನಾನs ಅದನ್ನ ಎರಡು ಸಲ ಬೀಳ್ಸೀನಿ ಬೇ!” ಎಂದರು. ನನಗೆ ನಗು ಬರಲಿಲ್ಲ. ಅಳು ಬಂತು.

ಆಮೇಲೆ ನನ್ನ ಲೆಕ್ಕದ ಹಾಳೆ ನೋಡಿದರು. ನೋಡುತ್ತ ಅವರ ನಗು ನಿಂತಿತು.

“ಯಾವ ವರ್ಷದ ಲೆಕ್ಕದಾಗ ಹಾಕೀದಿ?”

“ವರ್ಷ ಅಂದ್ರ ಏನ್ರಿ ಸರ್?”

“ನಾ ಕೊಟ್ಟ ಹಾಳಿ ಎರಡು ಸಾವಿರನೇ ಇಸವಿದು. ನಿನ್ನ ಸಾಫ್ಟ್‌ವೇರಿನಾಗ ಇಸವಿ ಕೇಳೂ ಜಾಗದಾಗ ಏನು ಅದ?”

ಲ್ಯಾಪ್‌ಟಾಪು ತೆಗೆದು ನೋಡಿದೆವು. ಅಲ್ಲಿ ‘ಇಂದು’ ಎಂದಿತ್ತು. ನಾನೇ ಆರಿಸಿದ್ದು. ಇಂದು ನೋಡುವುದಕ್ಕೆ ಇಂದು ಎಂದೇ ಅಲ್ಲವೇ ಹಾಕಬೇಕು ಎಂದು ತಿಳಿದಿದ್ದೆ.

ಅವರು ಬಿಡಿಸಿ ಹೇಳಿದರು. ಭೂಮಿ ತಿರುಗುವ ಬುಗುರಿಯಂತೆ ಬಹಳ ನಿಧಾನವಾಗಿ ಓಲಾಡುತ್ತದೆ. ಅದರಿಂದ ನಾವು ಆಕಾಶದ ಮೇಲೆ ಎಳೆದುಕೊಂಡ ಅಳತೆಯ ಗೆರೆಗಳೇ ವರ್ಷ ವರ್ಷವೂ ಒಂದಿಷ್ಟು ಸರಿಯುತ್ತವೆ. ಆದ್ದರಿಂದ ನಕ್ಷತ್ರದ ಸ್ಥಾನ ಬರೆಯುವಾಗ ಯಾವ ಇಸವಿಯ ಗೆರೆ ಎಂದೂ ಹೇಳಬೇಕು. ಅವರು ಹಳೆಯ ಗೆರೆಯ ಅಂಕಿ ಕೊಟ್ಟರು. ನಾನು ಅದನ್ನು ಹೊಸ ಗೆರೆಯದೆಂದು ಸಾಫ್ಟ್‌ವೇರಿಗೆ ಹೇಳಿದೆ. ಅದು ನಾನು ಹೇಳಿದ ಜಾಗಕ್ಕೇ ದುರ್ಬೀನನ್ನು ಒಯ್ದು, ಸರಿಯಾಗಿದೆ ಎಂದಿತು. ಇಪ್ಪತ್ತಾರು ವರ್ಷದಲ್ಲಿ ಗೆರೆ ಸರಿದದ್ದೇ ಆ ಮುಕ್ಕಾಲು ಚಂದ್ರ.

ಗದ್ದೆಮ್ಮ ಕೇಳಿದ್ದಕ್ಕೆ ಉತ್ತರ ಸಿಕ್ಕಿತು: ಅದು ಹೇಳಿದ್ದೂ ಖರೆ, ನಾನು ಹೇಳಿದ್ದೂ ಖರೆ.

ಸಂಜೆ ಊರಿಗೆ ಬಂದು ಇಸವಿ ಬದಲಿಸಿದೆ. ಅಮಾವಾಸ್ಯೆಯ ಆಕಾಶ. ಆರಕ್ಕೆ ಆರೂ ನಕ್ಷತ್ರಗಳು ಒಂದೊಂದಾಗಿ ಪರದೆಯ ನಡುವಿಗೆ ಬಂದು ನಿಂತವು. ಗದ್ದೆಮ್ಮ ಪರದೆಯನ್ನು ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡಳು. “ಹಂಗಾರ ನಾ ಬೀಳ್ಸಿದ್ದಕ್ಕ ಅಲ್ಲೇನ್ರಿ?” ಎಂದು ಮೂರು ಸಲ ಕೇಳಿದಳು.

ಅಂಗಡಿ ತೆರೆದಿರಾ?

ದಾನೇಶ್ವರಿ


ರಾಯಚೂರು
28 ಜನವರಿ 2026

ಬೇಟಿ,

ಪತ್ರ ಕೇಳಿ ಖುಷಿಯಾಯಿತು. ಆದರೆ ರಾತ್ರಿಯೆಲ್ಲ ಒಂದೇ ಯೋಚನೆ. ಗದ್ದೆಮ್ಮ ಬೀಳಿಸಿದ್ದರಿಂದ ಕೆಡಲಿಲ್ಲ. ನಾನು ಕಾಣದೆ ಬಿಗಿ ಮಾಡಿದ್ದರಿಂದಲೂ ಕೆಡಲಿಲ್ಲ. ಹಾಗಾದರೆ ನನ್ನ ಆ ತಿರುಪು ಸರಿಯಾಗಿಯೇ ಕೂತಿದೆಯೋ, ಅಥವಾ ಇನ್ನೂ ಕೈಕೊಡಲಿದೆಯೋ? ಬಿಚ್ಚಿ ನೋಡೋಣ ಎನಿಸುತ್ತದೆ. ನೀನು ಮಾತ್ರ ಮುಟ್ಟಬೇಡ. ಫೆಬ್ರವರಿ 9 ಮುಗಿಯುವವರೆಗೆ ಒಂದು ತಿರುಪನ್ನೂ ಅಲುಗಿಸಬೇಡ.

ಅಂಗಡಿ ತೆರೆದಿಲ್ಲ. ಅಕ್ಬರಿ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. 6ನೇ ತಾರೀಕು ಬಲಗಣ್ಣಿಗೆ ಆಪರೇಷನ್. ಒಂದು ವರ್ಷ ಮುಚ್ಚಿಟ್ಟದ್ದಕ್ಕೆ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ನನಗೆ ಕೇಳಿಸುವುದೇ ಕಡಿಮೆ, ಮಾತು ಬಿಟ್ಟಿದ್ದಾಳೆಂದು ತಿಳಿಯಲು ನಾಲ್ಕು ದಿನ ಹಿಡಿಯಿತು.

ಅವತ್ತು ಏನಾಯಿತು ಬರಿ.

ಚಾಚಾ


ದೇವದುರ್ಗ
10 ಫೆಬ್ರವರಿ 2026

ಚಾಚಾ,

ಆಪರೇಷನ್ ಹೇಗಾಯಿತು? ಚಾಚಿ ಓದಿ ಹೇಳುತ್ತಾರೆ ಎಂಬ ಭರವಸೆಯ ಮೇಲೆ ಬರೆಯುತ್ತಿದ್ದೇನೆ.

ನಿನ್ನೆ ನಕ್ಷತ್ರ ಮಾಯವಾಗಲಿಲ್ಲ.

ಏಳು ಗಂಟೆಗೇ ಎಲ್ಲ ಸಿದ್ಧವಾಗಿತ್ತು. ಇಸವಿ ಮೂರು ಸಲ ನೋಡಿದೆ. ಹಸಿರು ಅಕ್ಷರ ಬಂತು, ನಕ್ಷತ್ರವೂ ನಡುವಿಗೆ ಬಂತು. ಎಂಟೂವರೆಗೆ ಕರೆಯದೇ ಇದ್ದರೂ ಕನಕರಾಜ ಸರ್ ಮೊಬೈಲಿನ ಬೆಳಕು ಹಿಡಿದು ಮೇಲೆ ಬಂದರು. ವಿಡಿಯೋ ಓಡುತ್ತಿತ್ತು. ಗದ್ದೆಮ್ಮ ಪರದೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಚುಕ್ಕೆಯಿಂದ ಕಣ್ಣು ಕೀಳಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ. 8:46. 8:47. 8:48. ಅವಳು, “ಅಲ್ಲೇ ಅದ ಟೀಚರ್ರ, ಅಲ್ಲೇ ಅದ, ಅಲ್ಲೇ ಅದ” ಎನ್ನುತ್ತಲೇ ಇದ್ದಳು. 8:55ರವರೆಗೂ ಅದು ಅಲ್ಲೇ ಇತ್ತು.

ಆಗ ಮೌನಪ್ಪ ಸರ್ ಫೋನು ಬಂತು. ಸ್ಪೀಕರಿನಲ್ಲಿ ಕಿರುಚುತ್ತಿದ್ದರು: “ಹೋತು! ಮೂರೂವರಿ ಸೆಕೆಂಡು ಹೋಗಿ ಬಂತು! ನಿಂದು ಎಷ್ಟು?” ಫೋನು ಇಟ್ಟುಬಿಟ್ಟೆ.

“ಏನ್ ಟೀಚರ್, ಅವರಿಗೆ ಕಂಡದ್ದು ನಮಗ್ಯಾಕ ಕಾಣ್ಲಿಲ್ಲ? ಮಷೀನು ಸರಿ ಅದ ಅಂದಿದ್ರಿ?” ಎಂದರು ಕನಕರಾಜ ಸರ್.

ನಾನು ಬಾಯಿ ತೆರೆಯುವ ಮೊದಲೇ ಗದ್ದೆಮ್ಮ ಎದ್ದು ನಿಂತಳು. “ಸರ, ಟೀಚರಗ ಏನೂ ಅನಬ್ಯಾಡ್ರಿ. ಮೆಟ್ಲ ಮ್ಯಾಲ ಬೀಳ್ಸಿದಾಕಿ ನಾನು. ಅದಕ್ಕs ಕಾಣ್ಲಿಲ್ಲ. ನನ್ನ ಹೆಸ್ರು ಬರಕೊಳ್ರಿ,” ಎಂದಳು.

ಸರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಮೊಬೈಲಿನ ಬೆಳಕು ಹಿಡಿದು ಕೆಳಗೆ ಇಳಿದು ಹೋದರು.

ಇವತ್ತು ಸರ್ ಮೀಟಿಂಗಿಗೆ ಹೋಗಿದ್ದಾರೆ. ಗದ್ದೆಮ್ಮ ಅಡುಗೆ ಮಾಡಿ, ಪಾತ್ರೆ ತೊಳೆದು ನೇರ ಮನೆಗೆ ಹೋದಳು. ನನಗೆ ಏನೂ ತಿಳಿಯುತ್ತಿಲ್ಲ. ನಾನು ನೋಡಿದ್ದು ಅದೇ ನಕ್ಷತ್ರವೇ? ಅದರ ಪಕ್ಕದ್ದೇ? ಇಸವಿಯ ಹಿಂದೆ ಇನ್ನೂ ಏನಾದರೂ ತಪ್ಪಿದೆಯೇ? ಅಥವಾ ನಿಮ್ಮ ತಿರುಪೇ ನಿನ್ನೆ ಜಾರಿತೇ? ಹೀಗೆ ಕೇಳಿದ್ದಕ್ಕೆ ಬೇಸರ ಮಾಡಬೇಡಿ. ಇನ್ನು ಏನನ್ನೂ ಮುಚ್ಚಿಡುವುದಿಲ್ಲ ಎಂದುಕೊಂಡಿದ್ದೇನೆ.

ದಾನೇಶ್ವರಿ


ರಾಯಚೂರು
17 ಫೆಬ್ರವರಿ 2026

ಬೇಟಿ,

ಇನ್ನೂ ಕೆಲವು ದಿನ ಓದುಬರಹ ಬೇಡ ಎಂದಿದ್ದಾರೆ ಡಾಕ್ಟರು. ನಾನು ಹೇಳುತ್ತಿದ್ದೇನೆ, ಅಕ್ಬರಿ ಬರೆಯುತ್ತಿದ್ದಾಳೆ.

ನನ್ನ ತಿರುಪನ್ನು ಅನುಮಾನಿಸಿದ್ದು ಸರಿ. ನಾನೂ ಅದನ್ನೇ ಮೊದಲು ಅನುಮಾನಿಸಿದೆ. ಆದರೆ ತಿರುಪು ಜಾರಿದ್ದರೆ ಚುಕ್ಕೆ ಪರದೆಯಲ್ಲಿ ಓಡಬೇಕಿತ್ತು. ಅಲ್ಲೇ ಇತ್ತು ಎಂದು ಗದ್ದೆಮ್ಮ ಹೇಳಿದ್ದಾಳೆ, ಅವಳು ಅದರಿಂದ ಕಣ್ಣು ಕಿತ್ತಿಲ್ಲ. ಅದೇ ನಕ್ಷತ್ರ ಹೌದೋ ಅಲ್ಲವೋ ಎಂಬುದಕ್ಕೆ ವಿಡಿಯೋ ಇದೆಯಲ್ಲ. ಸುತ್ತಲಿನ ಚುಕ್ಕೆಗಳನ್ನು ಮೌನಪ್ಪನವರು ನಕಾಶೆಗೆ ಹಚ್ಚಿ ನೋಡಲಿ. ನಿನ್ನ ಮನಸ್ಸು ಏನು ಹೇಳುತ್ತದೆ ಎಂದು ನೋಡಬೇಡ. ಡಿಸೆಂಬರಿನಲ್ಲಿ ನಾನು ಹಾಗೆ ಮಾಡಿ ಅಂಗಡಿ ಮುಚ್ಚಿದೆ.

ಅದೇ ನಕ್ಷತ್ರವಾಗಿದ್ದರೆ ಕೇಳು. ಒಮ್ಮೆ ಕಾಲುವೆ ಒಡೆದಾಗ ಸರ್ವೆಯವರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ನೀರು ಎಲ್ಲಿಯವರೆಗೆ ನುಗ್ಗಿತ್ತು ಎಂದು ಗುರುತು ಹಾಕಬೇಕಿತ್ತು. ಇಂಜಿನಿಯರು ಒದ್ದೆಯಾದ ಕಲ್ಲಿಗೂ ಸುಣ್ಣ ಬಳಿದರು, ಅದರಾಚೆಯ ಒಣಕಲ್ಲಿಗೂ ಬಳಿದರು. ಒಣಕಲ್ಲಿಗೆ ಯಾಕೆ ಎಂದು ಕೇಳಿದೆ. ಅದು ಇಲ್ಲದಿದ್ದರೆ ನೀರು ಎಲ್ಲಿ ನಿಂತಿತು ಎಂದು ಹೇಗೆ ಹೇಳಲಿ ಎಂದರು. ಮಾನ್ವಿಯ ಮೇಲೆ ನೆರಳು ಬಿತ್ತು. ನಿನ್ನ ಮೇಲೆ ಬೀಳಲಿಲ್ಲ. ನೀನು ಒಣಕಲ್ಲು ಇರಬಹುದು.

ಬುರ್ಹಾನುದ್ದೀನ್

ದಾನೇಶ್ವರಿ, ಇದು ನಾನು ಅಕ್ಬರಿ ನನ್ನ ಕಡೆಯಿಂದ ಬರೆಯುತ್ತಿರುವುದು. ಇವರು ನೆರಳು, ಕಲ್ಲು ಎಲ್ಲ ಹೇಳಿಸಿದರು. ಗದ್ದೆಮ್ಮನ ಕೆಲಸ ಏನಾಯಿತು ಎಂದು ಕೇಳಲೇ ಇಲ್ಲ. ಅದನ್ನು ಮೊದಲು ಬರಿ.


ದೇವದುರ್ಗ
4 ಮಾರ್ಚ್ 2026

ಚಾಚಿ ಮತ್ತು ಚಾಚಾ ಅವರಿಗೆ,

ಚಾಚಿ ಕೇಳಿದ್ದನ್ನೇ ಮೊದಲು ಬರೆಯುತ್ತೇನೆ. ಮೀಟಿಂಗಿನಿಂದ ಬಂದ ಮರುದಿನ ಕನಕರಾಜ ಸರ್ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ರಿಜಿಸ್ಟರು ಮೇಜಿನ ಮೇಲೆ ತೆರೆದಿತ್ತು. ಗದ್ದೆಮ್ಮ ಬಾಗಿಲಲ್ಲೇ ನಿಂತಳು. ಸರ್ ಕೇಳಿದ್ದು ಒಂದೇ: “ಬೀಳೂ ಹೊತ್ತಿಗೆ ಮೆಟ್ಲಿನ ಲೈಟು ಹತ್ತಿತ್ತೇನು?” ಇಲ್ಲ ಎಂದೆವು. “ಅದು ಎರಡು ವರ್ಷದಿಂದ ಹತ್ತಂಗಿಲ್ಲ. ನನಗೂ ಗೊತ್ತದ,” ಎಂದರು. ಆಮೇಲೆ ‘ಕತ್ತಲಲ್ಲಿ ಮೆಟ್ಟಿಲ ಮೇಲೆ ಬಿದ್ದಿದೆ, ಕೆಲಸ ಮಾಡುತ್ತಿದೆ’ ಎಂದು ಬರೆದು ತಾವೇ ಸಹಿ ಹಾಕಿದರು. ಯಾರ ಹೆಸರೂ ಬರೆಯಲಿಲ್ಲ. ಗದ್ದೆಮ್ಮ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಸಾರಿಗೆ ಎರಡನೇ ಸಲ ಉಪ್ಪು ಹಾಕಿದಳು. ಅವತ್ತು ಮಕ್ಕಳೆಲ್ಲ ಬರೀ ಅನ್ನ ಉಂಡರು.

ವಿಡಿಯೋವನ್ನು ಮೌನಪ್ಪ ಸರ್ ಎರಡು ದಿನ ಕುಳಿತು ನೋಡಿದರು. ಅದೇ ನಕ್ಷತ್ರ, ಅನುಮಾನವಿಲ್ಲ. ಅದನ್ನು ಅವರು ಈ ವೀಕ್ಷಣೆ ಒಟ್ಟುಗೂಡಿಸುವ ತಂಡಕ್ಕೆ ಕಳಿಸಿದರು. ತಂಡದ ಉತ್ತರ ಮೊನ್ನೆ ಬಂತು. ನೆರಳು ಲೆಕ್ಕ ಹಾಕಿದ್ದಕ್ಕಿಂತ ದಕ್ಷಿಣಕ್ಕೆ ಸರಿದು ಹೋಗಿದೆ. ಅದರ ಉತ್ತರದ ಅಂಚು ಮಾನ್ವಿಗೂ ದೇವದುರ್ಗಕ್ಕೂ ನಡುವೆ ಎಲ್ಲೋ ಹಾದಿದೆ. ಆಂಧ್ರದ ಕಡೆಯಿಂದ ನೋಡಿದ ಇನ್ನಿಬ್ಬರಿಗೂ ಮಾಯವಾಗಿದೆ. ಮಾಯವಾಗದ ಊರು ನಮ್ಮದೊಂದೇ. ಅದಿಲ್ಲದಿದ್ದರೆ ಕಲ್ಲಿನ ಅಂಚು ತಿಳಿಯುತ್ತಿರಲಿಲ್ಲ ಎಂದು ಬರೆದಿದ್ದಾರೆ. ನಾನು ಆ ಸಾಲನ್ನು ಓದಿ, ಬೇರೆ ಯಾರಿಗೋ ಬರೆದದ್ದು ನನಗೆ ಬಂದಿದೆಯೇನೋ ಎಂದು ಮತ್ತೊಮ್ಮೆ ವಿಳಾಸ ನೋಡಿದೆ.

ಒಂದು ನಮೂನೆ ಕಳಿಸಿದ್ದರು. ತುಂಬಿ, ವೀಕ್ಷಕರು ಸಹಿ ಮಾಡಿ ಕಳಿಸಬೇಕು. ಗಡಿಯಾರ ನೋಡಿದವಳು ನಾನು, ನಕ್ಷತ್ರ ನೋಡಿದವಳು ಗದ್ದೆಮ್ಮ. ಎರಡೂ ಹೆಸರು ಬರೆದು ಅಡುಗೆಮನೆಗೆ ಒಯ್ದೆ. ಅವಳು ಕೈ ಒರೆಸಿಕೊಂಡು ಹಾಳೆಯನ್ನು ದೂರದಿಂದಲೇ ನೋಡಿದಳು.

“ನನ್ನ ಹೆಸರ್ಯಾಕ್ರಿ? ನಾವು ಏನೂ ಕಾಣ್ಲೇ ಇಲ್ಲಲ್ಲ?”

“ಕಂಡೀವಿ ಗದ್ದೆಮ್ಮ. ಅಲ್ಲೇ ಅದ ಅಂತ ನೀನs ಹೇಳಿದಿ.”

“ಏನಂತ ಬರದೀರಿ? ಓದ್ರಿ ಒಂದಿಷ್ಟು.”

ಓದಿದೆ: ‘8 ಗಂಟೆ 40 ನಿಮಿಷದಿಂದ 8 ಗಂಟೆ 55 ನಿಮಿಷದವರೆಗೆ ನಕ್ಷತ್ರವನ್ನು ಬಿಡದೆ ನೋಡಲಾಯಿತು. ಮಾಯವಾಗಲಿಲ್ಲ.’

ಅವಳು ಇನ್ನೊಮ್ಮೆ ಓದಿಸಿದಳು. ತಲೆ ಆಡಿಸಿದಳು.

“ಹೌದ್ರಿ. ಅದು ಖರೇನೇ ಅದ,” ಎಂದು ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರವನ್ನು ಕೂಡಿಸಿ ತನ್ನ ಹೆಸರು ಬರೆದಳು.

ದಾನೇಶ್ವರಿ